ಗಾಜಿನೊಳಗಿನ ಶಹನಾಯಿ, ಗಲ್ಲಿಯೊಳಗಿನ ಸಿತಾರ್

ಬೆಂಗಳೂರಿನ ಜೆ.ಪಿ. ನಗರದ ಏಳನೇ ಹಂತದಲ್ಲಿ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಎಂಬ ಸಂಗೀತ ಮ್ಯೂಸಿಯಂ ಇದೆ. ಬ್ರಿಗೇಡ್ ಸಮೂಹದ ಬೆಂಬಲದಿಂದ ಕಟ್ಟಿದ ಇದು 2019ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಾವು ಇದನ್ನು ನೋಡಬೇಕೆಂದು ಬಹುದಿನದಿಂದ ಅಂದುಕೊಂಡದ್ದೇ ಹೊರತು ಹೋಗಿರಲಿಲ್ಲ. ಕೊನೆಗೆ ಕರೆದೊಯ್ದವರು ಧಾರವಾಡದ ಕಡೆಯ ಒಬ್ಬ ಸಿತಾರ್ ಮಾಸ್ತರರು. ಅವರ ಮಗ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರ. ಎಂಟನೇ ತರಗತಿಯಲ್ಲಿ ಓದುವ ಮೊಮ್ಮಗಳಿಗೆ ರಜೆ. ‘ಹುಡುಗೀನ ಕರ್ಕೊಂಡು ಹೋಗೂಣು ಭಾಯಿಸಾಬ್, ನೀವೂ ಬರ್ರಿ’ ಎಂದು ಫೋನು ಮಾಡಿದರು. ನಾವಿಬ್ಬರೂ ಆಡುವುದು ದಖನಿಯಲ್ಲಿ. ಇಲ್ಲಿ ಅವರ ಮಾತನ್ನು ಅವರೂರಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇವೆ. ಅವರನ್ನು ಉಸ್ತಾದರೆಂದರೆ ಸಿಟ್ಟಾಗುತ್ತಾರೆ, ಮಾಸ್ತರ್ ಎಂದರೆ ಸಾಕು. ಗಲ್ಲಿಯೊಂದರ ಒಂಟಿ ಕೋಣೆಯಲ್ಲಿ ಮೂವತ್ತೈದು ವರ್ಷ ಸಿತಾರ್ ಕಲಿಸಿದವರು. ಒಂದು ಕಾಲಕ್ಕೆ ಸಂಜೆಯ ಹೊತ್ತು ಆ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಬರುವವರು ನಾಲ್ಕು ಮಂದಿ, ಅವರಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ.

ನಾವು ಕತೆ ಬರೆಯುವವರು, ಸಂಗೀತದ ಶಾಸ್ತ್ರ ಬಲ್ಲವರಲ್ಲ. ಆದ್ದರಿಂದ ಮ್ಯೂಸಿಯಮ್ಮನ್ನು ನೋಡಿದ್ದಕ್ಕಿಂತ ಮಾಸ್ತರರು ಅದನ್ನು ನೋಡುವುದನ್ನು ನೋಡಿದ್ದೇ ಹೆಚ್ಚು. ಅವರು ಮನಸಾರೆ ಮೆಚ್ಚಿದರು. ಆ ಮೆಚ್ಚುಗೆಯನ್ನು ಓದುಗರ ಮುಂದಿಡಬೇಕು. ಅದರ ಬೆನ್ನಿಗೇ ನಮಗೆ ಹುಟ್ಟಿದ ತಕರಾರನ್ನೂ ಹೇಳಬೇಕು.

ಹೊರಗಡೆಯೇ ಒಂದು ನಾದದ ತೋಟವಿದೆ. ಆರೋವಿಲ್ಲಿನ ‘ಸ್ವರಂ’ ಎಂಬ ವಾದ್ಯ ತಯಾರಿಕಾ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ್ದು. ಕಲ್ಲು, ಲೋಹ, ಮರ ಇವುಗಳಿಂದ ಮಾಡಿದ ದೊಡ್ಡ ದೊಡ್ಡ ವಾದ್ಯಗಳು ಬಯಲಲ್ಲಿ ನಿಂತಿವೆ. ಯಾರು ಬೇಕಾದರೂ ಬಡಿಯಬಹುದು, ಉಜ್ಜಬಹುದು, ಕಿವಿಗೊಟ್ಟು ಕೇಳಬಹುದು. ಒಂದು ಶಾಲೆಯ ಮಕ್ಕಳು ಅಂದು ಅಲ್ಲಿ ನುಗ್ಗಿದ್ದರು. ಗದ್ದಲವೋ ಗದ್ದಲ. ಮಾಸ್ತರರಿಗೆ ತಲೆನೋವು ಬರಬಹುದೆಂದು ನಾವು ಒಳಗೆ ಹೋಗೋಣವೆಂದೆವು. ಅವರು ಕದಲಲಿಲ್ಲ. ಗದ್ದಲದೊಳಗೇ ಮೊಮ್ಮಗಳನ್ನು ಕರೆದು ಉದ್ದದ ಕೊಳವೆಯನ್ನೊಮ್ಮೆ ಗಿಡ್ಡ ಕೊಳವೆಯನ್ನೊಮ್ಮೆ ಬಡಿಸಿ, ಯಾವುದು ಮಂದ್ರ ಯಾವುದು ತಾರ ಎಂದು ಕೇಳಿದರು. ‘ಇನ್ನ ಸಿತಾರಿನ ಪರದೆ ಯಾಕ ಕೆಳಗ ಹೋದಂಗ ಹತ್ತಿರ ಹತ್ತಿರ ಬರ್ತಾವ, ಹೇಳು?’ ಎಂದರು. ಅವಳು ಸ್ವಲ್ಪ ಹೊತ್ತು ಕೊಳವೆಗಳನ್ನೇ ನೋಡಿ ಸರಿಯಾದ ಉತ್ತರವನ್ನೇ ಕೊಟ್ಟಳು. ನಮಗೆ ಅದು ಆವರೆಗೆ ತಿಳಿದಿರಲಿಲ್ಲ.

ಮಾಸ್ತರರು ಹೇಳಿದ್ದು ಇದು: ‘ನಮ್ಮ ಉಸ್ತಾದರ ಮನ್ಯಾಗ ಮೊದಲನೇ ಪಾಠ ಏನಂದ್ರ, ಮುಟ್ಟಬ್ಯಾಡ. ಒಂದು ವರ್ಷ ನಾನು ಅವರ ಸಿತಾರ್ ಒರಸೀನಿ, ನುಡಿಸಿಲ್ಲ. ಇಲ್ಲಿ ಮೊದಲನೇ ಪಾಠಾನ ಮುಟ್ಟು. ಇದು ಛಲೋ ಅದ.’

ಒಬ್ಬ ಉಸ್ತಾದನ ಶಾಗಿರ್ದನಾಗಿ ಬಂದವರು ಇದನ್ನು ಹೇಳುವುದು ಸಣ್ಣ ಮಾತಲ್ಲ. ನಮ್ಮ ಘರಾಣೆಗಳು ಉಳಿಸಿದ್ದು ಎಷ್ಟೋ, ಅಡಗಿಸಿದ್ದೂ ಅಷ್ಟೇ. ಅಪರೂಪದ ಬಂದಿಶ್‌ಗಳನ್ನು ಮಗನಿಗೆ, ಹೆಚ್ಚೆಂದರೆ ಅಳಿಯನಿಗೆ ಎಂದು ಕಟ್ಟಿಟ್ಟುಕೊಂಡವರ ಕತೆಗಳು ಬೇಕಾದಷ್ಟಿವೆ. ಆ ಬಾಗಿಲನ್ನು ತೆರೆಯಲೆಂದೇ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಭಾತಖಂಡೆಯವರು ಊರೂರು ಅಲೆದು ಉಸ್ತಾದರ ಮನೆಗಳಿಂದ ಬಂದಿಶ್‌ಗಳನ್ನು ಕಲೆಹಾಕಿ ಸ್ವರಲಿಪಿ ಹಾಕಿ ಅಚ್ಚು ಮಾಡಿಸಿದರು. ಆ ಸುಧಾರಕರಿಗೆ ಉಸ್ತಾದರು ಅವಿದ್ಯಾವಂತರೆಂಬ ಒಂದು ತಾತ್ಸಾರವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ನಮ್ಮವರ ಜಿಪುಣತನವನ್ನೂ ಮರೆಮಾಚಬೇಕಿಲ್ಲವಲ್ಲ! ಸಂಗೀತವನ್ನು ಬಯಲಿಗಿಟ್ಟು ಮಕ್ಕಳಿಗೆ ಬಡಿಯಿರಿ ಎನ್ನುವ ಈ ತೋಟವನ್ನು ಮಾಸ್ತರರು ಮೆಚ್ಚಿದ್ದರ ಹಿಂದೆ ಒಂದು ಹಳೆಯ ನೋವೂ ಇದೆ ಎಂದು ನಮಗನ್ನಿಸಿತು.

ಒಳಗೆ ವಿಭಾಗಗಳು ಹಲವು. ಜನಪದದ್ದು, ಸ್ವಾತಂತ್ರ್ಯ ಹೋರಾಟದ ಹಾಡಿನದು, ಸಿನಿಮಾದ್ದು, ನೂರಕ್ಕೂ ಹೆಚ್ಚು ವಾದ್ಯಗಳನ್ನು ಜೋಡಿಸಿದ್ದು ಒಂದು. ಎಲ್ಲವನ್ನೂ ಇಲ್ಲಿ ವರ್ಣಿಸುವುದಿಲ್ಲ, ಓದುಗರು ಹೋಗಿ ನೋಡಲಿ. ಧ್ವನಿಮುದ್ರಣದ ಇತಿಹಾಸ ಹೇಳುವ ಭಾಗದಲ್ಲಿ ನಿಂತಾಗ ಮಾತ್ರ ನಮಗೆ ಮೈಸೂರು ನೆನಪಾಯಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಕಹಳೆಯೆದುರು ನಿಂತು ಹಾಡಿ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿದ ಗೌಹರ್ ಜಾನ್, ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಆಸ್ಥಾನ ಗಾಯಕಿಯನ್ನಾಗಿ ನೇಮಿಸಿಕೊಂಡರು. 1930ರ ಜನವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡರು. ಮೂರು ನಿಮಿಷದ ತಟ್ಟೆಗೆ ಖಯಾಲನ್ನು ಹಿಡಿಸುವುದು ಹೇಗೆಂದು ಮೊದಲು ಯೋಚಿಸಿದವರಲ್ಲಿ ಆಕೆಯೂ ಒಬ್ಬರು. ದೊಡ್ಡ ಉಸ್ತಾದರು ಯಂತ್ರ ತಮ್ಮ ಕಂಠ ಕದಿಯುತ್ತದೆಂದು ಹೆದರಿ ದೂರ ನಿಂತಾಗ, ಮಾನವಂತರ ಮನೆಯವರು ಹತ್ತಿರ ಸೇರಿಸದ ಹೆಣ್ಣುಮಕ್ಕಳು ಮುಂದೆ ಬಂದು ಹಾಡಿದರು. ಯಂತ್ರದ ಸಂಗೀತಕ್ಕೆ ಬುನಾದಿ ಹಾಕಿದವರು ಅವರು.

ಆಮೇಲೆ ತಾರೆಗಳ ವಿಭಾಗ. ಎಂ.ಎಸ್. ಸುಬ್ಬುಲಕ್ಷ್ಮಿಯವರ ತಂಬೂರಿ, ಭೀಮಸೇನ ಜೋಶಿಯವರ ಉಡುಪು, ಬಿಸ್ಮಿಲ್ಲಾ ಖಾನರ ಶಹನಾಯಿ. ಮಾಸ್ತರರು ಶಹನಾಯಿಯ ಮುಂದೆ ಬಹಳ ಹೊತ್ತು ನಿಂತರು. ನಾವು ಮೊಮ್ಮಗಳಿಗೆ, ರಾಜಕುಮಾರರ ‘ಸನಾದಿ ಅಪ್ಪಣ್ಣ’ ಸಿನಿಮಾಕ್ಕೆ ಶಹನಾಯಿ ನುಡಿಸಿದವರು ಇವರೇ ಎಂದೆವು. ಅವಳಿಗೆ ಆ ಸಿನಿಮಾವೇ ಗೊತ್ತಿಲ್ಲ. 1977ರ ಸಿನಿಮಾ, ಅವಳ ತಪ್ಪೇನೂ ಇಲ್ಲ.

ಗಾಜಿನ ಪೆಟ್ಟಿಗೆಯನ್ನು ಕಂಡರೆ ಮೂಗು ಮುರಿಯುವ ಬರಹಗಾರರು ನಮ್ಮಲ್ಲಿ ಹಲವರಿದ್ದಾರೆ, ನಾವೂ ಅವರಲ್ಲೊಬ್ಬರಾಗಿದ್ದೆವು. ವಾದ್ಯವನ್ನು ನುಡಿಸಬೇಕು, ಹೂಳಬಾರದು ಎಂಬುದು ನಮ್ಮ ವಾದ. ಆದರೆ 2016ರ ಡಿಸೆಂಬರಿನಲ್ಲಿ ವಾರಾಣಸಿಯ ಮನೆಯಿಂದ ಬಿಸ್ಮಿಲ್ಲಾ ಖಾನರ ಬೆಳ್ಳಿಯ ಶಹನಾಯಿಗಳು ಕಳುವಾದ ಸುದ್ದಿ ಓದುಗರಿಗೆ ನೆನಪಿರಬಹುದು. ಮರುತಿಂಗಳು ಪೊಲೀಸರು ಬಂಧಿಸಿದವರಲ್ಲಿ ಮನೆಯ ಹುಡುಗನೂ ಒಬ್ಬನಿದ್ದ. ಬೆಳ್ಳಿಯನ್ನು ಆಗಲೇ ಕರಗಿಸಲಾಗಿತ್ತು. ಭಾರತರತ್ನರ ಉಸಿರಾಡಿದ ವಾದ್ಯ ಅಕ್ಕಸಾಲಿಯ ತಕ್ಕಡಿಯಲ್ಲಿ ಕೆಲವೇ ಸಾವಿರ ರೂಪಾಯಿಯ ಲೋಹವಾಯಿತು. ಆ ಹುಡುಗನನ್ನು ಬಯ್ಯುವುದು ಸುಲಭ. ಶಹನಾಯಿಯಿಂದ ಹೊಟ್ಟೆ ತುಂಬದ ಮನೆಯಲ್ಲಿ ಶಹನಾಯಿಗೆ ಬೇರೆ ಯಾವ ಬೆಲೆ ಉಳಿಯಬೇಕಿತ್ತು ಎಂಬ ಪ್ರಶ್ನೆ ಕಷ್ಟದ್ದು. ಆ ಸುದ್ದಿಯ ನಂತರ ಗಾಜಿನ ಪೆಟ್ಟಿಗೆಯ ಬಗ್ಗೆ ನಾವು ಹಗುರವಾಗಿ ಮಾತಾಡುವುದನ್ನು ಬಿಟ್ಟಿದ್ದೇವೆ. ಮನೆತನ ಉಳಿಸಿಕೊಳ್ಳಲಾಗದ್ದನ್ನು ಯಾರಾದರೂ ಉಳಿಸಬೇಕು.

ಮಾಸ್ತರರು ಅಂದು ಹೇಳಿದ್ದು ಇನ್ನೂ ಸಣ್ಣ ಸಂಗತಿ. ‘ಇದರ ಪತ್ತಿ ಒಣಗಿರ್ತದ ಭಾಯಿಸಾಬ್’ ಎಂದರು. ಪತ್ತಿ ಎಂದರೆ ಶಹನಾಯಿಯ ಬಾಯಿಗೆ ಸಿಕ್ಕಿಸುವ ಜೊಂಡಿನ ಎಲೆ. ನುಡಿಸುವವನ ಎಂಜಲಿನಲ್ಲಿ ನೆನೆದರೆ ಮಾತ್ರ ಅದು ಮಾತಾಡುತ್ತದೆ.

ಈಗ ನಮ್ಮ ತಕರಾರಿಗೆ ಬರೋಣ. ಅದು ಭೀಮಸೇನ ಜೋಶಿಯವರ ಉಡುಪಿನ ಮುಂದೆ ಹುಟ್ಟಿತು.

ಗದಗಿನ ಹುಡುಗ ಭೀಮಸೇನ ಮನೆ ಬಿಟ್ಟು ಓಡಿಹೋದದ್ದು 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ. ಶಾಲಾ ಮಾಸ್ತರರ ಮಗ. ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ ಕೇಳಿದ್ದೇ ಅವನನ್ನು ಕೆಡಿಸಿತು ಎಂಬುದು ನಾಡಿಗೆಲ್ಲ ಗೊತ್ತಿರುವ ಕತೆ. ಹಾಗೆ ಹಾಡಬೇಕು, ಹಾಡಿಸುವ ಗುರು ಬೇಕು ಎಂದು ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಂದು ಅಲೆದ. ಕೊನೆಗೆ ಅಪ್ಪ ಹುಡುಕಿ ಕರೆತಂದರು. ಅವನ ಗುರು ಸಿಕ್ಕಿದ್ದು ಹಿಮಾಲಯದಲ್ಲಲ್ಲ, ಮನೆಯಿಂದ ಕೂಗಳತೆಯಲ್ಲಿದ್ದ ಕುಂದಗೋಳದಲ್ಲಿ. 1936ರಲ್ಲಿ ಸವಾಯಿ ಗಂಧರ್ವರ ಮನೆ ಸೇರಿ ನೀರು ಹೊತ್ತು ಕಲಿತ. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಾಗಿರ್ದರು! ತಟ್ಟೆಯಲ್ಲಿ ಕೇಳಿದ ಕಂಠದ ಬಾಗಿಲು ನೆರೆಯೂರಿನಲ್ಲೇ ಇತ್ತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲು ಹತ್ತಿ ಅದೇ ಬಾಗಿಲಿಗೆ ಹೋಗುತ್ತಿದ್ದರು.

ಸಂಗೀತ ಮ್ಯೂಸಿಯಂ ಎಂದರೆ ಆ ಅಂಗಡಿಯ ಗ್ರಾಮಫೋನು. ಎಷ್ಟೇ ಪರದೆ, ಎಷ್ಟೇ ದೀಪ, ಎಷ್ಟೇ ಯಂತ್ರ ಜೋಡಿಸಲಿ, ಅದರ ಕೆಲಸ ಅಷ್ಟೇ, ಕಿವಿಗೆ ಹಸಿವು ಹುಟ್ಟಿಸುವುದು. ಇದು ಕಡಿಮೆ ಕೆಲಸವೆಂದು ನಾವು ಹೇಳುತ್ತಿಲ್ಲ. ಆ ಗ್ರಾಮಫೋನು ಇಲ್ಲದಿದ್ದರೆ ಭೀಮಸೇನರಿಲ್ಲ. ಆದರೆ ಹಸಿದ ಹುಡುಗನಿಗೆ ಕುಂದಗೋಳ ಎಲ್ಲಿದೆ? ರಾಜಧಾನಿಯ ಮ್ಯೂಸಿಯಮ್ಮಿನಿಂದ ಕಣ್ಣರಳಿಸಿ ಹೊರಬಂದ ಮಗು ಮನೆಗೆ ಹೋಗಿ, ಅಪ್ಪಾ ನನಗೂ ಕಲಿಯಬೇಕು ಎಂದರೆ, ಆ ಅಪ್ಪ ಯಾವ ಬೀದಿಯ ಯಾವ ಬಾಗಿಲು ತಟ್ಟಬೇಕು? ಜೆ.ಪಿ. ನಗರದ ಮ್ಯೂಸಿಯಂ ತನ್ನದೇ ಕಲಿಕಾ ಕೇಂದ್ರವನ್ನೂ ಇಟ್ಟುಕೊಂಡಿದೆ, ಅಲ್ಲಿ ಸಂಗೀತದ ತರಗತಿಗಳು ನಡೆಯುತ್ತವೆ. ಹಸಿವಿನ ಜೊತೆಗೆ ಊಟವನ್ನೂ ಯೋಚಿಸಿದ ಅವರ ವಿವೇಕವನ್ನು ಮೆಚ್ಚಲೇಬೇಕು. ಆದರೆ ಅದು ಅಕ್ಕಪಕ್ಕದ ಬಡಾವಣೆಗಳ ಮಕ್ಕಳಿಗೆ ಕೈಗೆಟುಕುವ ಊಟ. ಶಾಲೆಯ ಬಸ್ಸಿನಲ್ಲಿ ದಿನದ ಮಟ್ಟಿಗೆ ಬಂದು ಹೋಗುವ ತುಮಕೂರಿನ, ಕೋಲಾರದ ಮಗುವಿಗೆ ಊರಿನಲ್ಲೇ ಒಬ್ಬ ಮಾಸ್ತರ ಬೇಕು. ಆ ಮಾಸ್ತರನನ್ನು ಯಾವ ಮ್ಯೂಸಿಯಮ್ಮೂ ತಯಾರಿಸಿ ಕಳಿಸಲಾರದು.

ಅದಕ್ಕೇ ನಮಗೆ ಸಂಗೀತ ಶಿಕ್ಷಣವೆಂದರೆ ಮೊದಲು ಕಣ್ಣಿಗೆ ಬರುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಬೆಳೆಸಿದ್ದು. ಗುರು ಅಂಧರು, ಶಿಷ್ಯರಲ್ಲಿ ಬಹಳ ಮಂದಿ ಅಂಧರು, ಉಳಿದವರು ಬಡವರು. ಜಾತಿ ಮತ ಕೇಳದೆ ಅನ್ನ ಹಾಕಿ ಹಾಡು ಕಲಿಸಿದ ಮನೆ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರರು ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದು ಕಲಿತವರು. ಇವರು ಹೆಸರಾದವರು. ಹೆಸರಾಗದವರೇ ನಮ್ಮ ಲೆಕ್ಕದಲ್ಲಿ ಹೆಚ್ಚು ಮುಖ್ಯ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತ, ಕಪ್ಪು ಕನ್ನಡಕದ ಸಂಗೀತದ ಮಾಸ್ತರರನ್ನು ಓದುಗರು ನೋಡಿರುತ್ತೀರಿ. ವಿಚಾರಿಸಿದರೆ ಗದಗಿನ ಆಶ್ರಮದವರೆನ್ನುತ್ತಾರೆ. ಆ ಆಶ್ರಮ ಕಲಾವಿದರನ್ನು ಮಾತ್ರವಲ್ಲ, ಬಾಗಿಲುಗಳನ್ನು ತಯಾರಿಸಿತು.

ಅಬ್ದುಲ್ ಕರೀಂ ಖಾನರೂ ಅದನ್ನೇ ಮಾಡಿದವರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು, ಬಡ ಹುಡುಗರನ್ನು ಇಟ್ಟುಕೊಂಡು, ಕಛೇರಿಯಲ್ಲಿ ಬಂದ ದುಡ್ಡನ್ನು ಅದಕ್ಕೆ ಸುರಿದರು. ಧಾರವಾಡದಲ್ಲಿ ಸಿತಾರ್ ರತ್ನ ರಹಿಮತ್ ಖಾನರ ಮನೆತನ ಇಂದಿಗೂ ನುಡಿಸುತ್ತಿದೆ, ಕಲಿಸುತ್ತಿದೆ. ಬಾಲೇಖಾನರು 2007ರಲ್ಲಿ ಹೋದ ಮೇಲೂ ಆ ಬಾಗಿಲು ಮುಚ್ಚಲಿಲ್ಲ. ಮಲ್ಲಿಕಾರ್ಜುನ ಮನ್ಸೂರರಿಗೆ ಜೈಪುರ ಘರಾಣೆಯ ತಾಲೀಮು ಕೊಟ್ಟವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಬುರ್ಜೀಖಾನ್. ನಮ್ಮ ಕಡೆಯ ಸಂಗೀತದ ವಂಶಾವಳಿ ಬರೆಯಹೊರಟರೆ ಖಾನರು ಮತ್ತು ಗವಾಯಿಗಳು ಒಂದೇ ಹಾಳೆಯಲ್ಲಿ ಬರುತ್ತಾರೆ, ಬೇರೆ ಬೇರೆ ಹಾಳೆ ಸಾಲುವುದಿಲ್ಲ. ಇದು ಭಾವೈಕ್ಯದ ಭಾಷಣವಲ್ಲ, ಯಾರು ಯಾರ ಬಳಿ ಕಲಿತರೆಂಬ ಬರೀ ಲೆಕ್ಕ.

ಮತ್ತೊಂದು ಮಾತು. ಮ್ಯೂಸಿಯಮ್ಮುಗಳಲ್ಲಿ ಸಂಗೀತ ಕೇಳುವುದು ಹೆಡ್‌ಫೋನಿನಲ್ಲಿ. ಬೇರೆ ದಾರಿಯೂ ಇಲ್ಲ, ಇಲ್ಲದಿದ್ದರೆ ನೂರು ರಾಗ ಒಂದರ ಮೇಲೊಂದು ಬೀಳುತ್ತವೆ. ಆದರೆ ನಮ್ಮ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಒಂದು ತುಣುಕು ಕೇಳಿ, ಪರದೆ ಮುಟ್ಟಿ ಇನ್ನೊಂದಕ್ಕೆ ಹಾರಿ, ಅದನ್ನು ಮುಗಿಸದೆ ಮತ್ತೊಂದಕ್ಕೆ ಹೋಗುತ್ತಿದ್ದುದನ್ನು ನೋಡುತ್ತ ಮಾಸ್ತರರು ಮೊದಲ ಬಾರಿಗೆ ಮುಖ ಸಣ್ಣ ಮಾಡಿದರು. ಖಯಾಲು ನಲವತ್ತು ನಿಮಿಷದ್ದು. ಅದರಲ್ಲಿ ಮೊದಲ ಹತ್ತು ನಿಮಿಷ ಏನೂ ನಡೆಯುವುದಿಲ್ಲವೆಂದೇ ಹೊಸಬನಿಗೆ ಅನಿಸುವುದು. ಬೈಠಕ್ಕಿನಲ್ಲಿ ಕೂತಾಗ ಪಕ್ಕದ ಹಿರಿಯರು ‘ವಾಹ್’ ಎಂದರೆ ಮಗು ತಿರುಗಿ ನೋಡುತ್ತದೆ. ಇವರು ಈಗ ಯಾಕೆ ಹಾಗೆಂದರು ಎಂದು ಯೋಚಿಸುತ್ತದೆ. ಕೇಳುವುದನ್ನು ಕಲಿಯುವುದು ಹಾಗೆ, ಇನ್ನೊಬ್ಬರ ಕಿವಿಯಿಂದ. ಹೆಡ್‌ಫೋನಿನಲ್ಲಿ ಪಕ್ಕದ ಹಿರಿಯರಿಲ್ಲ. ಇದು ಈ ಒಂದು ಮ್ಯೂಸಿಯಮ್ಮಿನ ದೋಷವಲ್ಲ, ಆ ವ್ಯವಸ್ಥೆಯ ಸ್ವಭಾವ. ಶಾಲೆಯವರು ಮಕ್ಕಳನ್ನು ಇಂಥ ಕಡೆ ಕರೆತರುವಾಗ ಒಬ್ಬ ಹಾಡುವವರನ್ನೋ ನುಡಿಸುವವರನ್ನೋ ಜೊತೆಗೆ ಕರೆತಂದರೆ ಅರ್ಧ ಕೊರತೆ ತೀರುತ್ತದೆಂಬುದು ನಮ್ಮ ಸಲಹೆ. ಅಂದು ನಮ್ಮ ಹುಡುಗಿಗೆ ಆ ಅದೃಷ್ಟವಿತ್ತು. ಮಾಸ್ತರರು ಅವಳ ಹೆಡ್‌ಫೋನ್ ತೆಗೆಸಿ, ತಾವೇ ಮೆಲ್ಲಗೆ ಗುನುಗಿ ತೋರಿಸಿದರು. ಕಾವಲಿನವರು ಒಮ್ಮೆ ನೋಡಿ ಸುಮ್ಮನಾದರು.

ತಂಬೂರಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆವು. ಸುಬ್ಬುಲಕ್ಷ್ಮಿಯವರ ತಂಬೂರಿಯ ಮುಂದೆ ನಿಂತ ಹುಡುಗಿ, ‘ದಾದಾ, ಇದನ್ನ ಮಾಡೋರು ಯಾರು?’ ಎಂದು ಕೇಳಿದಳು. ಅವಳ ಅಜ್ಜ ಆ ಒಂದು ತಂಬೂರಿಯ ವಿಷಯ ಬಿಟ್ಟು ತಮಗೆ ಗೊತ್ತಿದ್ದ ಮಿರಜಿನ ಕತೆ ಹೇಳಿದರು. ಕತ್ತಿ ಗುರಾಣಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಮರು, ಸಂಸ್ಥಾನಗಳ ಯುದ್ಧಗಳು ನಿಂತು ಕತ್ತಿಗೆ ಗಿರಾಕಿ ತಪ್ಪಿದಾಗ, 19ನೇ ಶತಮಾನದ ನಡುವಿನಲ್ಲಿ ವಾದ್ಯದ ಕೆಲಸಕ್ಕೆ ಕೈಹಚ್ಚಿದರು. ಅವರಲ್ಲಿ ಫರೀದ್ ಸಾಹೇಬರದು ಮೊದಲ ಹೆಸರು. ಮಂಗಳವೇಢೆ, ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಯನ್ನು ಒಣಗಿಸಿ, ಕೊಯ್ದು, ಮರದ ಕುತ್ತಿಗೆ ಕೂರಿಸಿ, ತಂತಿ ಏರಿಸುವ ಕೆಲಸ ಆ ಗಲ್ಲಿಗಳಲ್ಲಿ ಇಂದಿಗೂ ನಡೆಯುತ್ತಿದೆ. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅದೇ ಊರಿನಲ್ಲಿ. 1937ರಲ್ಲಿ ದೂರದ ತಮಿಳುನಾಡಿನ ರೈಲು ನಿಲ್ದಾಣವೊಂದರಲ್ಲಿ ಪ್ರಾಣಬಿಟ್ಟ ಅವರನ್ನು ತಂದು ಮಣ್ಣು ಮಾಡಿದ್ದು ಮಿರಜಿನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ. ಉರುಸಿನಲ್ಲಿ ಇಂದಿಗೂ ಅಲ್ಲಿ ಹಾಡಿಕೆ ನಡೆಯುತ್ತದೆ.

ತಂಬೂರಿಯ ಜೀವ ಇರುವುದು ಕುದುರೆಯ ಮೇಲೆ. ತಂತಿ ಹಾಯುವ ಆ ಸಣ್ಣ ಹಲಗೆಯ ಮೈಯನ್ನು ಕೂದಲೆಳೆಯಷ್ಟು ಉಬ್ಬುವಂತೆ ಅರದಿಂದ ಉಜ್ಜಿ, ತಂತಿಯಡಿ ಒಂದೆಳೆ ದಾರ ಸರಿಸಿದರೆ, ಒಂದು ತಂತಿಯಿಂದಲೇ ಹತ್ತು ಸ್ವರ ಎದ್ದು ಬರುತ್ತವೆ. ಅದನ್ನು ಜವಾರಿ ಬಿಡಿಸುವುದು ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ಕೋಳಿಗೂ ನಾಟಿ ಬದನೆಗೂ ಸಲ್ಲುವ ಮಾತು, ಆದ್ದರಿಂದ ನಾವು ಚಿಕ್ಕವರಿದ್ದಾಗ ತಂಬೂರಿಯಲ್ಲೂ ನಾಟಿ ಜಾತಿಯೊಂದಿದೆ ಎಂದೇ ತಿಳಿದಿದ್ದೆವು! ಈ ಕೆಲಸ ಕೈಗೆ ಬರಲು ಹತ್ತಾರು ವರ್ಷ ಬೇಕು. ಕಿವಿಯೂ ಬೇಕು, ಕೈಯೂ ಬೇಕು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ವಿದ್ಯುತ್ ತಂಬೂರಿಯನ್ನು ರೂಪಿಸಿದರು, ಅವರ ‘ರಾಡೆಲ್’ ಪೆಟ್ಟಿಗೆ ಮನೆ ಮನೆಗೆ ಹೋಯಿತು. ಈಗ ಅದೂ ಹೋಗಿ ಫೋನಿನಲ್ಲೇ ಶ್ರುತಿ. ಮಾಸ್ತರರು ಇದನ್ನು ಹಳಿಯಲಿಲ್ಲ. ‘ಒಬ್ಬಾಕಿ ಹೆಣ್ಣುಮಗಳು ಒಲಿ ಮುಂದ ನಿಂತು ಹಾಡಕೋಬೇಕಂದ್ರ ತಂಬೂರಿ ಹಿಡಿಯೋರು ಯಾರ್ರಿ? ಪೆಟ್ಟಿಗಿ ಬಂದು ಅಕಿಗೆ ಉಪಕಾರಾತು’ ಎಂದರು. ಸ್ವಲ್ಪ ತಡೆದು, ‘ಆದ್ರ ಪೆಟ್ಟಿಗಿಗೆ ಜವಾರಿ ಬಿಡಸೂದು ಬೇಕಾಗಿಲ್ಲ. ಬಿಡಸಾಂವಗ ಕೆಲಸ ಇಲ್ಲ’ ಎಂದರು. ಸಂಗೀತ ಶಿಕ್ಷಣದ ಬಗ್ಗೆ ಸಭೆಗಳಲ್ಲಿ ಮಾತಾಡುವವರು ಹಾಡುವ ಮಗುವನ್ನು ಮಾತ್ರ ನೆನೆಯುತ್ತಾರೆ, ಅರ ಹಿಡಿದು ಕೂರಬೇಕಾದ ಹುಡುಗನನ್ನು ನೆನೆಯುವುದಿಲ್ಲ. ಅವನದ್ದೂ ತಾಲೀಮೇ ಅಲ್ಲವೇ?

ಪರೀಕ್ಷೆಗಳ ಬಗ್ಗೆ ನಮಗೆ ಮೊದಲಿಂದಲೂ ಅಸಮಾಧಾನ. ಜೂನಿಯರ್, ಸೀನಿಯರ್, ವಿಶಾರದ ಎಂದು ಪ್ರಮಾಣಪತ್ರ ಕೂಡಿಸುವ ಅವಸರದಲ್ಲಿ ಮಕ್ಕಳು ವರ್ಷಕ್ಕಿಷ್ಟು ರಾಗ ಎಂದು ನುಂಗುತ್ತಾರೆ ಎಂದೆವು. ಮಾಸ್ತರರು ಒಪ್ಪಲಿಲ್ಲ. ಪರೀಕ್ಷೆ ಇಲ್ಲದಿದ್ದರೆ ತಮ್ಮ ಕೋಣೆಗೆ ಅರ್ಧ ಮಕ್ಕಳೂ ಬರುತ್ತಿರಲಿಲ್ಲವಂತೆ. ಪ್ರಮಾಣಪತ್ರಕ್ಕೆ ಬಂದ ಇಬ್ಬರು ಮುಂದೆ ಪ್ರಮಾಣಪತ್ರ ಮರೆತು ಕೂತರು, ಅಷ್ಟು ಸಾಕು ಎಂದರು. ಬೀದಿಯಲ್ಲಿ ಕೂತು ಕಲಿಸಿದವರ ಮುಂದೆ ನಮ್ಮ ಪುಸ್ತಕದ ಅಸಮಾಧಾನ ನಿಲ್ಲಲಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಇದನ್ನು ಬರೆಯದೆ ಬಿಟ್ಟರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. ಸಂಗೀತ ಸಲ್ಲುವುದೋ ಸಲ್ಲದೋ ಎಂಬ ಚರ್ಚೆ ಮುಸ್ಲಿಮರಲ್ಲಿ ಇಂದಿನದಲ್ಲ. ಇಮಾಮ್ ಗಝಾಲಿಯವರು ಒಂಬೈನೂರು ವರ್ಷಗಳ ಹಿಂದೆ ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಅದಕ್ಕೆಂದೇ ಒಂದು ಭಾಗ ಮೀಸಲಿಟ್ಟರು. ಚಿಶ್ತಿಗಳು ಸಮಾದಲ್ಲಿ ಕೂತರು, ಬೇರೆಯವರು ಎದ್ದು ಹೋದರು. ತೀರ್ಪು ಕೊಡುವ ವಿದ್ವತ್ತು ನಮಗಿಲ್ಲ. ಬೇಡವೆನ್ನುವವರ ಶ್ರದ್ಧೆಯನ್ನು ಗೇಲಿ ಮಾಡುವುದೂ ನಮ್ಮ ಉದ್ದೇಶವಲ್ಲ. ಆದರೆ ಒಂದನ್ನು ಗಮನಿಸಿದ್ದೇವೆ. ನಮ್ಮ ಮನೆಗಳಲ್ಲಿ ಸಿತಾರ್ ಅಟ್ಟಕ್ಕೆ ಹೋದದ್ದು ಬರೀ ಆ ಚರ್ಚೆಯಿಂದಲ್ಲ. ಅದಕ್ಕಿಂತ ದೊಡ್ಡ ಕಾರಣ ಸಂಬಳ. ಸಿತಾರ್ ಮಾಸ್ತರನಿಗೆ ಹೆಣ್ಣು ಕೊಡುವವರಿಲ್ಲ. ಮಾಸ್ತರರ ಮಗನೇ ಕಲಿಯಲಿಲ್ಲ. ಅವನು ಕಲಿಯಲಾರೆನೆಂದಾಗ ಇವರು ಒತ್ತಾಯಿಸಲಿಲ್ಲ, ‘ನನ್ನ ಹೊಟ್ಟಿ ನೋಡ್ಯಾನ ಅಂವ’ ಎಂದು ನಗುತ್ತಾರೆ. ಧರ್ಮದ ಮಾತನ್ನು ಮುಂದಿಟ್ಟು ಬಡತನದ ಮಾತನ್ನು ಹಿಂದಿಡುವುದು ನಮಗೆಲ್ಲ ಅನುಕೂಲವಾಗಿದೆ.

ಮ್ಯೂಸಿಯಮ್ಮಿನಿಂದ ಹೊರಬಂದಾಗ ಸಂಜೆಯಾಗಿತ್ತು. ಹುಡುಗಿ ಮತ್ತೆ ತೋಟಕ್ಕೆ ಓಡಿದಳು. ಶಾಲೆಯ ಮಕ್ಕಳು ಹೋಗಿದ್ದರಿಂದ ಈಗ ಸದ್ದಿಲ್ಲ. ಅವಳು ಒಂದು ಸಲ ಬಡಿದು, ನಾದ ಪೂರ್ತಿ ಆರುವವರೆಗೆ ಕಾದು, ಆಮೇಲೆ ಇನ್ನೊಂದು ಸಲ ಬಡಿಯುತ್ತಿದ್ದಳು. ಬೆಳಿಗ್ಗೆ ಅವಳು ಹಾಗೆ ಮಾಡಿರಲಿಲ್ಲ. ಮಾಸ್ತರರು ಅದನ್ನು ಗಮನಿಸಿದರು, ಏನೂ ಹೇಳಲಿಲ್ಲ. ಮನೆಗೆ ಹೋಗುವ ಆಟೋದಲ್ಲಿ ಅವಳೇ ಬಾಯಿಬಿಟ್ಟು ಸಿತಾರ್ ಕಲಿಸುತ್ತೀರಾ ಎಂದು ಕೇಳಿದಳು. ಶಾಲೆಯಲ್ಲಿ ಅವಳು ಕಲಿಯುತ್ತಿರುವುದು ಕೀಬೋರ್ಡು.

ರಾತ್ರಿ ಊಟಕ್ಕೆ ಕೂತಾಗ ಮಾತು ಎದ್ದಿತು. ಮುಂದಿನ ವರ್ಷ ಒಂಬತ್ತನೇ ತರಗತಿ, ಆಮೇಲೆ ಹತ್ತು ಎಂದು ಹುಡುಗಿಯ ತಾಯಿ ಲೆಕ್ಕ ಹೇಳಿದರು. ಅವರ ಲೆಕ್ಕ ತಪ್ಪಲ್ಲ. ಮನೆಯಲ್ಲಿದ್ದ ಹಿರಿಯ ಬಂಧುವೊಬ್ಬರು ಹೆಣ್ಣುಮಗು, ಈ ವಯಸ್ಸು ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ನಮ್ಮ ನಡುವೆ ಕೆಲ ಮಾತುಗಳನ್ನು ಪೂರ್ತಿ ಮಾಡಬೇಕಾಗಿಯೇ ಇಲ್ಲ. ಆಶ್ಚರ್ಯವೆಂದರೆ ಹುಡುಗಿಯ ಪರ ನಿಂತದ್ದು ಕಲಿಯಲಾರೆನೆಂದಿದ್ದ ಆ ಮಗ. ‘ಅಬ್ಬಾ ಕಲಿಸಲಿ, ವಾರಕ್ಕೆ ಎರಡು ದಿನ, ಫೋನಿನಲ್ಲಿ’ ಎಂದ. ಫೋನಿನಲ್ಲಿ ಮಿಂಡಿನ ಎಳೆತ ಕೇಳಿಸುವುದಿಲ್ಲ, ಜವಾರಿಯಂತೂ ಕೇಳಿಸುವುದೇ ಇಲ್ಲ ಎಂದು ಮಾಸ್ತರರು ಮುಂಜಾನೆಯಿಂದ ನಮ್ಮೆದುರು ವಾದಿಸಿದ್ದರು. ಮಗನೆದುರು ಆ ವಾದ ಎತ್ತಲಿಲ್ಲ. ಆಗಲಿ ಎಂದರು.

ಊರಿಗೆ ಮರಳಿದ ಮೇಲೆ ಅವರು ಮಿರಜಿಗೆ ಹೋಗಿ ಬಂದಿದ್ದಾರೆ. ಚಿಕ್ಕ ಕೈಗೆ ಹೊಂದುವ ಸಣ್ಣ ಸಿತಾರಿಗೆ ಹೇಳಿ, ಮುಂಗಡ ಕೊಟ್ಟಿದ್ದಾರೆ. ಮಾಡುವವರ ಕೈಯಲ್ಲಿ ಕೆಲಸವಿದೆ, ಬುರುಡೆ ಇನ್ನೂ ಒಣಗಬೇಕು ಎಂದರಂತೆ. ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಬುರುಡೆ ಒಡೆಯುತ್ತದೆಯೇ, ತಾವೇ ತೊಡೆಯ ಮೇಲಿಟ್ಟುಕೊಂಡು ಬರಬೇಕೇ ಎಂದು ಮೊನ್ನೆ ನಮ್ಮನ್ನು ಕೇಳಿದರು. ತೊಡೆಯ ಮೇಲೇ ತನ್ನಿ ಎಂದಿದ್ದೇವೆ.